ಸಮುದ್ರದಂಚಿನ ಕಾಟೇಜ್: ಮೊದಲು ಹಿಂದೆ ಸರಿಯಿರಿ, ಮರವೋ ಕಾಂಕ್ರೀಟೋ ಆಮೇಲೆ ನೋಡೋಣ

ಪ್ರಶ್ನೆ: ನಮ್ಮ ಕುಟುಂಬಕ್ಕೆ ಸಮುದ್ರಕ್ಕೆ ಮುಖ ಮಾಡಿದ ಸುಮಾರು ಮೂರು ಎಕರೆ ಜಾಗವಿದೆ. ಅರ್ಧ ಭಾಗ ಬಂಡೆಯ ಮೇಲೆ ಮಣ್ಣು ಕೂತ ಎತ್ತರದ ದಂಡೆ, ಉಳಿದರ್ಧ ಇಳಿಜಾರಾಗಿ ಮರಳಿಗೆ ಸೇರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಹೊರಗೆ ನಿಂತು ಮಾತಾಡಲಾಗದಷ್ಟು ಗಾಳಿ. ಅಲ್ಲಿ ರಜೆಗೆ ಬರುವವರಿಗಾಗಿ ಆರು ಕಾಟೇಜ್ ಕಟ್ಟುವ ಯೋಚನೆ. ದಂಡೆಯ ಅಂಚಿನಿಂದ 12 ಮೀಟರ್ ಬಿಟ್ಟು, ಸಮುದ್ರದ ಕಡೆ ಪೂರ್ತಿ ಗಾಜು ಹಾಕಿಸಬೇಕೆಂದಿದ್ದೇವೆ. ಒಬ್ಬ ಕಂಟ್ರಾಕ್ಟರ್ ಕಾಂಕ್ರೀಟ್ ಬಿಟ್ಟರೆ ಬೇರೇನೂ ನಿಲ್ಲುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಹಳೆಯ ಶಿಪ್ಪಿಂಗ್ ಕಂಟೇನರ್ ಅಗ್ಗ, ಮರುಬಳಕೆಯೂ ಆಯಿತು ಅನ್ನುತ್ತಾರೆ. ಮಗಳು ಮರ, ಬಿದಿರು ಬಿಟ್ಟು ಬೇರೆ ಮಾತೇ ಬೇಡ ಅನ್ನುತ್ತಾಳೆ. ನೀರಿಗೆ ಬಾವಿ ತೋಡಿಸಿ, ಮುಂದುಗಡೆ ಕಲ್ಲಿನ ತಡೆಗೋಡೆ ಹಾಕಿಸೋಣವೆಂದಿದ್ದೇವೆ. ಹಾಕಿದ ದುಡ್ಡು ಸಮುದ್ರಪಾಲಾಗಬಾರದು. ಆ ಜಾಗ ಹಾಳು ಮಾಡಿದವರು ನಾವು ಅನ್ನಿಸಿಕೊಳ್ಳಲೂಬಾರದು. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಕಾಂಕ್ರೀಟೋ, ಕಂಟೇನರೋ, ಬಿದಿರೋ ಎಂದು. ನನ್ನ ಕಣ್ಣು ನಿಂತದ್ದು ಮಾತ್ರ ನೀವು ಹಾಗೇ ಹೇಳಿಬಿಟ್ಟ ಒಂದು ಅಂಕಿಯ ಮೇಲೆ: 12 ಮೀಟರ್. ಯಾವುದರಿಂದ ಕಟ್ಟುತ್ತೀರಿ ಎಂಬುದು ಇಪ್ಪತ್ತು ವರ್ಷದ ಪ್ರಶ್ನೆಯಾದರೆ ಎಲ್ಲಿ ಕಟ್ಟುತ್ತೀರಿ ಎಂಬುದು ಇಡೀ ಬಂಡವಾಳದ ಪ್ರಶ್ನೆ. ಗಾಳಿ, ಉಪ್ಪು, ಕೊರೆತ, ಕೊಳಚೆ ನೀರು, ಈ ನಾಲ್ಕರ ಹೊಡೆತವೂ ಅಂಚಿನಿಂದ ಹಿಂದೆ ಸರಿದಷ್ಟು ಕಡಿಮೆಯಾಗುತ್ತದೆ. ಇಷ್ಟು ಕೆಲಸ ಒಟ್ಟಿಗೆ ಮಾಡುವ, ಅದೂ ಪುಕ್ಕಟೆ ಸಿಗುವ ಸಾಮಗ್ರಿ ಯಾವ ಅಂಗಡಿಯಲ್ಲೂ ಇಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕೇಪ್ ಹ್ಯಾಟರಸ್ ದೀಪಸ್ತಂಭವಿದೆ. 1870ರಲ್ಲಿ ಕಟ್ಟಿದಾಗ ಅದಕ್ಕೂ ಸಮುದ್ರಕ್ಕೂ ನಡುವೆ ಸುಮಾರು 460 ಮೀಟರ್ ನೆಲವಿತ್ತು. ನೂರು ವರ್ಷದಲ್ಲಿ ಅದು 37 ಮೀಟರಿಗೆ ಇಳಿಯಿತು. ಮರಳು ತಂದು ಸುರಿದರು, ಮರಳಿನ ಚೀಲ ಪೇರಿಸಿದರು, ಸಮುದ್ರಕ್ಕೆ ಅಡ್ಡ ತಡೆಕಟ್ಟೆ ಹಾಕಿದರು. ಕೊನೆಗೆ 1999ರಲ್ಲಿ ಸುಮಾರು 4,800 ಟನ್ ತೂಕದ ಆ ಸ್ತಂಭವನ್ನು ಹಳಿಗಳ ಮೇಲೆ ಕೂರಿಸಿ, 23 ದಿನ ತೆಗೆದುಕೊಂಡು, 880 ಮೀಟರ್ ಹಿಂದಕ್ಕೆ ಸರಿಸಿದರು. ಅದೇ ದ್ವೀಪಸಾಲಿನ ರೋಡಾಂಥೆ ಎಂಬಲ್ಲಿ 2020ರಿಂದೀಚೆಗೆ ಹತ್ತಕ್ಕೂ ಹೆಚ್ಚು ಮನೆಗಳು ಸಮುದ್ರಕ್ಕೆ ಕುಸಿದಿವೆ. ಗಮನಿಸಿ, ಅವು ನಿಂತಿದ್ದದ್ದು ಮರದ ಕಂಬಗಳ ಮೇಲೆ. ಹಲವು ರಜೆಗೆ ಬಾಡಿಗೆ ಕೊಡುವ ಮನೆಗಳೇ. ಕಂಬದ ಮೇಲೆ ಎತ್ತಿ ಕಟ್ಟಿದರೆ ಸಮುದ್ರಕ್ಕೆ ಹೆದರಬೇಕಿಲ್ಲ ಎಂಬ ನಂಬಿಕೆ ಅರ್ಧ ನಿಜ. ಕಂಬ ಉಕ್ಕಿ ಬಂದ ನೀರಿನಿಂದ ಕಾಪಾಡುತ್ತದೆ. ಕಂಬದ ಕೆಳಗಿನ ನೆಲವೇ ಹೋದರೆ ಅದೇನು ಮಾಡೀತು?

ನಿಮ್ಮ ಜಾಗದ ಎರಡು ಭಾಗಗಳ ಸ್ವಭಾವ ಬೇರೆ ಬೇರೆ. ಮರಳಿನ ದಂಡೆ ದಿನವೂ ಸ್ವಲ್ಪ ಹೋಗುತ್ತದೆ, ಸ್ವಲ್ಪ ಬರುತ್ತದೆ. ಅದನ್ನು ಅಳೆಯಬಹುದು. ಸಮುದ್ರಮಟ್ಟ ಏರಿದರೆ ಮರಳಿನ ದಂಡೆ ಏರಿಕೆಯ 50ರಿಂದ 100 ಪಟ್ಟು ಹಿಂದೆ ಸರಿಯಬಹುದು ಎಂಬ ಒರಟು ಲೆಕ್ಕ 1962ರಿಂದ ಬಳಕೆಯಲ್ಲಿದೆ. ಬ್ರೂನ್ ನಿಯಮ ಎನ್ನುತ್ತಾರೆ. ಎಲ್ಲ ಕಡೆ ಅದು ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೆ ಅಂದಾಜಿಗೆ ಸಾಕು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ವರದಿಯ ಪ್ರಕಾರ 1901ರಿಂದ 2018ರವರೆಗೆ ಜಾಗತಿಕ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಹತ್ತು ಸೆಂಟಿಮೀಟರ್ ಏರಿದರೆ ಐದರಿಂದ ಹತ್ತು ಮೀಟರ್ ಮರಳು ಹೋಯಿತು ಎಂದಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಆ ಇಳಿಜಾರು ಭಾಗದಲ್ಲಿ ಏನನ್ನೂ ಕಟ್ಟಬೇಡಿ. ಅಲ್ಲಿ ಬೆಳೆದಿರುವ ಹುಲ್ಲು, ಮರಳಿಗೆ ಅಂಟಿಕೊಂಡು ಹರಿದಾಡುವ ಬಳ್ಳಿ, ಇವೇ ಮರಳನ್ನು ಹಿಡಿದಿಟ್ಟಿವೆ. ಅದರ ಮೇಲೆ ಅಡ್ಡಾದಿಡ್ಡಿ ಓಡಾಡಿ ಹತ್ತು ಕಾಲುದಾರಿ ಮಾಡುವ ಬದಲು ನೆಲದಿಂದ ಎತ್ತಿದ ಒಂದೇ ಮರದ ದಾರಿ ಹಾಕಿ.

ಎತ್ತರದ ದಂಡೆಯ ಕಥೆ ಹಾಗಲ್ಲ. ಅದು ಮೂವತ್ತು ವರ್ಷ ಕದಲದೆ ಕೂತು, ಒಂದು ರಾತ್ರಿ ಐದಾರು ಮೀಟರ್ ಒಟ್ಟಿಗೆ ಬಿಟ್ಟುಕೊಡುತ್ತದೆ. ಅಲ್ಲಿ ವರ್ಷಕ್ಕೆ ಸರಾಸರಿ ಇಷ್ಟು ಎಂಬ ಲೆಕ್ಕ ದಾರಿ ತಪ್ಪಿಸುತ್ತದೆ. ಹಳೆಯ ಸರ್ವೆ ನಕ್ಷೆ, ಹಳೆಯ ವೈಮಾನಿಕ ಚಿತ್ರ, ಉಪಗ್ರಹ ಚಿತ್ರ, ಸಿಕ್ಕಷ್ಟೂ ಹಿಂದಿನವನ್ನು ತೆಗೆಸಿ ಅಂಚಿನ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ನಾನು ಮಾಡುವ ಲೆಕ್ಕ ಹೀಗೆ: ವರ್ಷದ ಸರಾಸರಿ ಕೊರೆತವನ್ನು ಕಟ್ಟಡದ ಆಯಸ್ಸಿನಿಂದ ಗುಣಿಸಿ, ಅದಕ್ಕೆ ಒಂದೇ ಬಾರಿ ಕುಸಿಯಬಹುದಾದ ದೊಡ್ಡ ತುಂಡನ್ನು ಸೇರಿಸಿ, ಮೇಲೆ ಇನ್ನೊಂದಿಷ್ಟು ಧೈರ್ಯಕ್ಕೆ. ವರ್ಷಕ್ಕೆ 30 ಸೆಂಟಿಮೀಟರ್, ಆಯಸ್ಸು 50 ವರ್ಷ ಅಂದರೆ 15 ಮೀಟರ್. ಕುಸಿತಕ್ಕೆ 8 ಮೀಟರ್. ಅಲ್ಲಿಗೇ 23 ಆಯಿತು. ನಿಮ್ಮ 12 ಮೀಟರ್ ಎಲ್ಲಿ ಉಳಿಯಿತು? ಕರಾವಳಿಯಲ್ಲಿ ಕಟ್ಟಲು ಹೆಚ್ಚಿನ ದೇಶಗಳಲ್ಲಿ ಕಾನೂನಿನ ಗೆರೆಯೂ ಇರುತ್ತದೆ. ಅದು ಅನುಮತಿಯ ಗೆರೆ. ಸುರಕ್ಷೆಯ ಗೆರೆ ಅದೇ ಇರಬೇಕೆಂದಿಲ್ಲ, ಎರಡನ್ನೂ ನೋಡಿ, ಯಾವುದು ಹಿಂದಿದೆಯೋ ಅದನ್ನು ಹಿಡಿಯಿರಿ. ನಿಮ್ಮ ವಿವರಣೆ ಓದಿದ ಮೇಲೆ 50–60 ಮೀಟರಿಗಿಂತ ಮುಂದೆ ಬರಲು ನನಗೆ ಮನಸ್ಸಿಲ್ಲ.

ತಡೆಗೋಡೆ ಹಾಕಿಬಿಟ್ಟರೆ ಈ ತಲೆನೋವೇ ಇರುವುದಿಲ್ಲವಲ್ಲ ಅಂತೀರಿ. ಗಟ್ಟಿ ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಕಳೆದುಕೊಳ್ಳದೆ ಹಿಂದಕ್ಕೆ ನೂಕಿಸಿಕೊಳ್ಳುತ್ತದೆ, ಹೋಗುವಾಗ ಗೋಡೆಯ ಬುಡದ ಮರಳನ್ನು ಕೊರೆದು ಎಳೆದೊಯ್ಯುತ್ತದೆ. ಕೆಲವು ವರ್ಷದಲ್ಲಿ ಗೋಡೆ ಇರುತ್ತದೆ, ಮುಂದಿನ ಮರಳು ಇರುವುದಿಲ್ಲ. ಗೋಡೆ ಮುಗಿಯುವ ಎರಡು ತುದಿಗಳಲ್ಲಿ ಕೊರೆತ ಇನ್ನೂ ಜೋರಾಗಿ, ಪಕ್ಕದವರ ಜಮೀನು ತಿನ್ನಲು ಶುರುವಾಗುತ್ತದೆ. ಹಾಳು ಮಾಡಿದವರು ಅನ್ನಿಸಿಕೊಳ್ಳಬಾರದು ಎಂದಿರಲ್ಲ, ಅನ್ನಿಸಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಹಿಂದೆ ಸರಿದರೆ ನೋಟ ಹೋಗುತ್ತದಲ್ಲ ಎಂಬ ಕೊರಗು ಎಲ್ಲರಿಗೂ ಇರುತ್ತದೆ. ಸ್ವಲ್ಪ ಹೋಗುವುದು ಹೌದು. ಆದರೆ ಕಡಿದಾದ ದಂಡೆಯ ಅಂಚಿನಲ್ಲಿ ಗಾಳಿ ಮೇಲಕ್ಕೆ ಹಿಂಡಿಕೊಂಡು ವೇಗ ಪಡೆಯುತ್ತದೆ. ಅಲ್ಲಿ ಜಗಲಿ ಮಾಡಿ ಕುರ್ಚಿ ಹಾಕಿದರೆ ನಿಮ್ಮ ಅತಿಥಿಗಳಿಗಿಂತ ಮುಂಚೆ ಕುರ್ಚಿ ಸಮುದ್ರ ನೋಡಲು ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸೀ ರ‍್ಯಾಂಚ್‌ನಲ್ಲಿ 1960ರ ದಶಕದಲ್ಲಿ ಭೂವಿನ್ಯಾಸಕಾರ ಲಾರೆನ್ಸ್ ಹಾಲ್ಪ್ರಿನ್ ಮತ್ತು ಅವರ ಜೊತೆಗಿದ್ದ ವಾಸ್ತುಶಿಲ್ಪಿಗಳು ಹುಲ್ಲುಗಾವಲಿನ ತೆರೆದ ನಡುಭಾಗವನ್ನು ಎಲ್ಲರಿಗೂ ಬಿಟ್ಟು, ಗಾಳಿ ತಡೆಯಲು ಹಿಂದೆಂದೋ ನೆಟ್ಟಿದ್ದ ಸೈಪ್ರೆಸ್ ಮರಗಳ ಸಾಲಿಗೆ ಆತುಕೊಂಡಂತೆ ಮನೆಗಳನ್ನು ಕಟ್ಟಿಸಿದರು. ಗಾಳಿಗೆ ಬಾಗಿ ಬಾಗಿ ಆ ಮರಗಳ ನೆತ್ತಿ ಹೇಗೆ ಇಳಿಜಾರಾಗಿದೆಯೋ ಮಾಡುಗಳ ಇಳಿಜಾರೂ ಹಾಗೇ. ನೀವೂ ಮೊದಲು ನಿಮ್ಮ ಜಾಗದ ಪೊದೆಗಳನ್ನು ನೋಡಿ. ಯಾವ ಕಡೆ ವಾಲಿವೆ, ಯಾವ ಎತ್ತರಕ್ಕೆ ಬೆಳವಣಿಗೆ ನಿಂತಿದೆ, ಯಾವ ತಗ್ಗಿನಲ್ಲಿ ಮಾತ್ರ ನೆಟ್ಟಗೆ ಬೆಳೆದಿವೆ. ಗಾಳಿ ಅಳೆಯುವ ಯಂತ್ರ ವರ್ಷವಿಡೀ ಇಟ್ಟರೂ ಅದಕ್ಕಿಂತ ಚೆನ್ನಾಗಿ ಹೇಳಲಾರದು.

ಗಾಳಿಯ ಲೆಕ್ಕ ಸರಳ, ಆದರೆ ಮೋಸಗಾರ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 25 ಕೆಜಿ ಭಾರದಷ್ಟು ಒತ್ತುತ್ತದೆ. ಗಂಟೆಗೆ 144 ಕಿಲೋಮೀಟರ್ ಆದಾಗ ಅದು 100 ಕೆಜಿ. ಜನ ಅಂದುಕೊಳ್ಳುವುದು ಗಾಳಿ ಗೋಡೆಯನ್ನು ತಳ್ಳಿ ಬೀಳಿಸುತ್ತದೆ ಎಂದು. ಸಾಮಾನ್ಯವಾಗಿ ಆಗುವುದೇ ಬೇರೆ. ಮಾಡಿನ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಹಗುರವಾದ ಮಾಡಿನ ತೂಕ ಚದರ ಮೀಟರಿಗೆ 30–40 ಕೆಜಿ ಇದ್ದರೆ ಹೆಚ್ಚು. ಹೀರುವ ಬಲ ನೂರಾದರೆ ಉಳಿದ ಅರವತ್ತನ್ನು ಹಿಡಿದಿಡುವವರು ಯಾರು? ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ, ನೆತ್ತಿಯ ಬಳಿ ಈ ಹೀರುವಿಕೆ ಇನ್ನೂ ಹೆಚ್ಚು. ಹಾಗಾಗಿ ಶೀಟು ಪಕಾಸಿಗೆ, ಪಕಾಸಿ ಗೋಡೆಯ ತಲೆಗೆ, ಗೋಡೆ ಅಡಿಪಾಯಕ್ಕೆ, ಒಂದೂ ಕೊಂಡಿ ತಪ್ಪದ ಸರಪಳಿಯಂತೆ ಕಟ್ಟಿಕೊಂಡಿರಬೇಕು. ನಡುವೆ ಒಂದು ಕಡೆ ಬರೀ ಮೊಳೆ ಹೊಡೆದಿದ್ದರೆ ಬಿಚ್ಚಿಕೊಳ್ಳುವುದು ಅಲ್ಲೇ.

ಉದ್ದನೆಯ ಸೂರು ಚೆಂದ, ನೆರಳೂ ಕೊಡುತ್ತದೆ. ಬಿರುಗಾಳಿಯ ದಂಡೆಯಲ್ಲಿ ಅದು ಗಾಳಿಗೆ ಹಿಡಿಕೆ ಕೊಟ್ಟಂತೆ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ಹಳೆಯ ‘ಬ್ಲ್ಯಾಕ್‌ಹೌಸ್’ ಮನೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಎರಡು ಸಾಲು ಕಲ್ಲು, ನಡುವೆ ಮಣ್ಣು ತುಂಬಿದ ದಪ್ಪ ಗೋಡೆ, ದುಂಡಗಿನ ಮೂಲೆ. ಹುಲ್ಲಿನ ಮಾಡು ಒಳಸಾಲಿನ ಮೇಲೆ ಕೂರುತ್ತದೆ, ಗೋಡೆಯ ಆಚೆ ಚಾಚುವುದೇ ಇಲ್ಲ. ಮೇಲೆ ಹಗ್ಗ ಬಿಗಿದು ತುದಿಗೆ ಕಲ್ಲು ಕಟ್ಟಿರುತ್ತಾರೆ. ಮಳೆ ನೀರು ಗೋಡೆಯ ತಲೆಗೇ ಇಳಿದರೂ ಚಿಂತೆಯಿಲ್ಲ, ಗಾಳಿಗೆ ಹಿಡಿಯಲು ಏನೂ ಸಿಗಬಾರದು ಎಂಬ ಲೆಕ್ಕಾಚಾರ. ಸೀ ರ‍್ಯಾಂಚ್‌ನ ಮನೆಗಳಿಗೂ ಹೊರಚಾಚಿದ ಸೂರಿಲ್ಲ. ನಿಮಗೆ ಬಿಸಿಲಿನ ನೆರಳು ಬೇಕೇ ಬೇಕೆಂದರೆ ಜಗಲಿಯ ಮಾಡನ್ನು ಮುಖ್ಯ ಮಾಡಿನಿಂದ ಬೇರೆಯಾಗಿ ಕಟ್ಟಿಸಿ. ಹೋದರೆ ಅದೊಂದೇ ಹೋಗಲಿ, ಮನೆಯದನ್ನೂ ಜೊತೆಗೆ ಎಳೆದುಕೊಂಡು ಹೋಗಬಾರದು. ಎರಡು ಇಳಿಜಾರಿನ ಮಾಡಿಗಿಂತ ನಾಲ್ಕು ಕಡೆ ಇಳಿಜಾರಿರುವುದು ಮೇಲು, ಇಳಿಜಾರು 30 ಡಿಗ್ರಿಯ ಆಸುಪಾಸು.

ಗಾಜಿನ ವಿಷಯ. ಸಮುದ್ರದ ಕಡೆಯ ಪೂರ್ತಿ ಗಾಜು ಫೋಟೋದಲ್ಲಿ ಮಾತ್ರ ಸುಖ. ಉಪ್ಪಿನ ಪೊರೆ ಕೂತು ವಾರದೊಳಗೆ ಮಸುಕಾಗುತ್ತದೆ, ಬಿಸಿಲಿಗೆ ಕೋಣೆ ಒಲೆಯಾಗುತ್ತದೆ, ಹಕ್ಕಿಗಳು ಬಡಿದುಕೊಳ್ಳುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ: ಬಿರುಗಾಳಿಯಲ್ಲಿ ಹಾರಿಬಂದ ಕೊಂಬೆಯೊಂದು ಆ ಗಾಜು ಒಡೆದರೆ ಗಾಳಿ ಒಳಗೆ ನುಗ್ಗಿ ಮಾಡನ್ನು ಕೆಳಗಿನಿಂದಲೂ ನೂಕುತ್ತದೆ. ಮೇಲಿನಿಂದ ಹೀರುವುದು, ಒಳಗಿನಿಂದ ತಳ್ಳುವುದು, ಎರಡೂ ಸೇರಿದಾಗಲೇ ಮಾಡು ಏಳುವುದು. ಕುರ್ಚಿಯಲ್ಲಿ ಕೂತವರ, ಹಾಸಿಗೆಯಲ್ಲಿ ಒರಗಿದವರ ಕಣ್ಣಿನ ಮಟ್ಟಕ್ಕೆ ಅಗಲವಾದ, ಎತ್ತರ ಕಡಿಮೆಯ ಒಂದು ಕಿಟಕಿ ಇಡಿ. ಒಡೆದರೂ ಚೂರು ಚದುರದ ಲ್ಯಾಮಿನೇಟೆಡ್ ಗಾಜು, ಹೊರಗೆ ಮುಚ್ಚುವ ಗಟ್ಟಿ ಕದ. ದೊಡ್ಡ ಬಾಗಿಲುಗಳೆಲ್ಲ ಗಾಳಿಯ ಮರೆಯ ಕಡೆಗಿರಲಿ. ಗಾಳಿಗೆ ಅಡ್ಡ ಬೇಕೆಂದು ಸುತ್ತ ಗಟ್ಟಿ ಗೋಡೆ ಎಬ್ಬಿಸಬೇಡಿ, ಅದರ ಹಿಂದೆ ಸುಳಿಗಾಳಿ ಏಳುತ್ತದೆ. ಅರ್ಧದಷ್ಟು ಗಾಳಿ ಸೋಸಿ ಬಿಡುವ ಪೊದೆಯ ಬೇಲಿ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯನ್ನು ಚೆನ್ನಾಗಿ ತಗ್ಗಿಸುತ್ತದೆ.

ಇನ್ನು ಉಪ್ಪು. ಸಮುದ್ರದಂಚಿನ ಕಟ್ಟಡಗಳಲ್ಲಿ ನನ್ನ ಕೆಲಸದ ಮುಕ್ಕಾಲು ಪಾಲು ಇದರದ್ದೇ. ಅಡುಗೆ ಉಪ್ಪು, ಗಾಳಿಯ ತೇವಾಂಶ ಶೇ 75 ದಾಟಿದರೆ ತಾನೇ ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಶಿಯಂ ಲವಣಗಳೂ ಇರುವುದರಿಂದ ಅದಕ್ಕಿಂತ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ಅಂದರೆ ಮಳೆಯೇ ಬೀಳದಿದ್ದರೂ ನಿಮ್ಮ ತಗಡು, ಬೋಲ್ಟು, ಕೀಲು ದಿನದ ಬಹುಪಾಲು ಹೊತ್ತು ಉಪ್ಪುನೀರಿನಲ್ಲಿ ನೆನೆಯುತ್ತಿರುತ್ತವೆ. ಮಳೆ ಇಲ್ಲಿ ಶತ್ರುವಲ್ಲ, ತೊಳೆಯುವ ಆಳು. ಮಳೆ ತಾಗದ ಜಾಗಗಳೇ ಮೊದಲು ಹಾಳಾಗುವುದು.

ಒಮ್ಮೆ ಒಂಬತ್ತು ವರ್ಷ ಹಳೆಯ ಕಾಟೇಜೊಂದರ ತಪಾಸಣೆಗೆ ಹೋಗಿದ್ದೆ. ಮಾಡಿನ ತಗಡು ಮೇಲಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಮಾಲೀಕರು ಹೆಮ್ಮೆಯಿಂದಲೇ ಏಣಿ ತಂದುಕೊಟ್ಟರು. ಸೂರಿನ ಕೆಳಗೆ ಕೈ ಹಾಕಿ ಒಂದು ಸ್ಕ್ರೂಗೆ ಡ್ರೈವರ್ ಕೊಟ್ಟು ತಿರುಗಿಸಿದೆ. ತಲೆ ಕೈಗೆ ಬಂತು. ಕಾಂಡ ಇರಬೇಕಾದ ತೂತಿನಿಂದ ಕಾಫಿಪುಡಿಯಂಥ ಕಂದು ಹುಡಿ ಅಂಗೈಗೆ ಉದುರಿತು. ಪಕ್ಕದ್ದೂ ಹಾಗೇ, ಅದರ ಪಕ್ಕದ್ದೂ. ಆ ಮಾಡು ಅಲ್ಲಿ ಬರೀ ಅಭ್ಯಾಸಬಲದಿಂದ ಕೂತಿತ್ತು. ತಗಡಿಗೆ ಒಳ್ಳೆಯ ದುಡ್ಡು ಕೊಟ್ಟಿದ್ದರು, ಸ್ಕ್ರೂ ಮಾತ್ರ ಕೆಲಸದವರು ತಂದದ್ದು.

ಅಂಕಿಯಲ್ಲಿ ಹೇಳುವುದಾದರೆ, ತುಕ್ಕಿನ ತೀವ್ರತೆಯನ್ನು ಐಎಸ್‌ಒ 9223 ಎಂಬ ಮಾನದಂಡ ಸಿ1ರಿಂದ ಸಿ5ರವರೆಗೆ, ಅದಕ್ಕೂ ಮೇಲೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಅಲೆಯ ತುಂತುರು ತಾಗುವ ದಂಡೆ ಸಿ5 ಅಥವಾ ಸಿಎಕ್ಸ್. ಸಿ5ರಲ್ಲಿ ಸತುವಿನ ಲೇಪ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸವೆಯುತ್ತದೆ. ಚದರ ಮೀಟರಿಗೆ 275 ಗ್ರಾಂ ಲೇಪವಿರುವ, ಎಲ್ಲೆಡೆ ಸಿಗುವ ಜಿಐ ತಗಡಿನಲ್ಲಿ ಒಂದೊಂದು ಬದಿಗೆ ಇರುವುದು 20 ಮೈಕ್ರಾನ್. ಎರಡೂವರೆಯಿಂದ ಐದು ವರ್ಷಕ್ಕೆ ಸತು ಮುಗಿಯಿತು. ದಪ್ಪ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಸುಮಾರು 85 ಮೈಕ್ರಾನ್ ಕೂರುತ್ತದೆ, ಹತ್ತಿಪ್ಪತ್ತು ವರ್ಷ ಬಾಳುತ್ತದೆ. ‘ಗ್ಯಾಲ್ವನೈಸ್ಡ್ ಸಾರ್, ಏನೂ ಆಗಲ್ಲ’ ಅಂದವರನ್ನು ಎಷ್ಟು ಮೈಕ್ರಾನ್ ಎಂದು ಕೇಳಿ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದೂ ಅಡುಗೆಮನೆಯ ಅನುಭವದ ಮಾತು. ಪಾತ್ರೆಗಳಿಗೆ ಬಳಸುವ 304 ದರ್ಜೆಗೆ ಸಮುದ್ರದಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ ಬರುತ್ತದೆ, ಆಮೇಲೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. 316ರಲ್ಲಿ ಶೇ 2ರಿಂದ 3 ಮಾಲಿಬ್ಡಿನಂ ಇರುವುದರಿಂದ ತಡೆದುಕೊಳ್ಳುತ್ತದೆ. ಹೊರಗಿನ ಎಲ್ಲ ಸ್ಕ್ರೂ, ಬೋಲ್ಟು, ಕೀಲುಗಳಿಗೆ ಅದನ್ನೇ ತರಿಸಿ, ಕೆಲಸದವರಿಗೆ ಬಿಡದೆ ನೀವೇ ತರಿಸಿ. ಎರಡು ಜಾತಿಯ ಲೋಹಗಳನ್ನು ಒಂದಕ್ಕೊಂದು ತಾಗಿಸಬೇಡಿ, ಉಪ್ಪುನೀರು ನಡುವೆ ಕೂತು ಬ್ಯಾಟರಿಯ ಹಾಗೆ ಒಂದನ್ನು ತಿಂದು ಇನ್ನೊಂದನ್ನು ಉಳಿಸುತ್ತದೆ. ಅನಿವಾರ್ಯವಾದರೆ ನಡುವೆ ಪ್ಲಾಸ್ಟಿಕ್ ವಾಷರ್ ಇರಲಿ. ತಾಮ್ರದ ಲವಣ ಕುಡಿಸಿದ ಮರಕ್ಕೆ ಜಿಐ ಮೊಳೆ ಹೊಡೆದರೂ ಇದೇ ಗತಿ.

ಈಗ ನಿಮ್ಮ ಮನೆಯ ಮೂರು ಪಕ್ಷಗಳಿಗೆ ಬರೋಣ.

ಕಾಂಕ್ರೀಟಿನ ಕಂಟ್ರಾಕ್ಟರ್ ಹೇಳುವುದರಲ್ಲಿ ಒಂದು ಸತ್ಯವಿದೆ: ಭಾರ ಇದ್ದದ್ದು ಹಾರುವುದಿಲ್ಲ. ಅವರು ಹೇಳದೆ ಬಿಟ್ಟದ್ದು ಒಳಗಿನ ಕಬ್ಬಿಣದ ಸುದ್ದಿ. ಉಪ್ಪು ಸಣ್ಣ ರಂಧ್ರಗಳಲ್ಲಿ ಇಳಿದು ಸರಳನ್ನು ತಲುಪುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸಿಡಿಸುತ್ತದೆ. ರೋಮನ್ನರ ಬಂದರುಗಳ ಕಾಂಕ್ರೀಟ್ ಎರಡು ಸಾವಿರ ವರ್ಷ ಸಮುದ್ರದಲ್ಲಿ ನಿಂತಿದೆಯಲ್ಲ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಕಬ್ಬಿಣವೇ ಇರಲಿಲ್ಲ ಸ್ವಾಮಿ. ಕಾಂಕ್ರೀಟ್ ಹಾಕುವುದಾದರೆ ಸರಳಿನ ಮೇಲೆ ಕನಿಷ್ಠ 50 ಮಿಲಿಮೀಟರ್ ಹೊದಿಕೆ, ನೀರು–ಸಿಮೆಂಟ್ ಅನುಪಾತ 0.40–0.45, ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಕುಲುಮೆಯ ಕಿಟ್ಟದ ಪುಡಿ ಅಥವಾ ಹಾರುಬೂದಿ. ಇವು ರಂಧ್ರಗಳನ್ನು ಕಿರಿದಾಗಿಸಿ ಉಪ್ಪಿನ ದಾರಿ ಮುಚ್ಚುತ್ತವೆ, ಸಿಮೆಂಟಿನ ಇಂಗಾಲದ ಹೊರೆಯನ್ನೂ ಇಳಿಸುತ್ತವೆ. ದಂಡೆಯ ಮರಳು, ಉಪ್ಪುನೀರು ಮಿಶ್ರಣದ ಹತ್ತಿರವೂ ಸುಳಿಯಬಾರದು. ನನ್ನ ಮಟ್ಟಿಗೆ ಕಾಂಕ್ರೀಟ್ ಇರಬೇಕಾದ್ದು ಅಡಿಪಾಯದಲ್ಲಿ, ಅಷ್ಟೇ.

ಕಂಟೇನರಿನ ವಾದ ಬೇಗ ಮುಗಿಯುತ್ತದೆ. ಅದರ ಉಕ್ಕು, ಮೇಲೆ ಕೂರುವ ತುಕ್ಕೇ ಕವಚವಾಗುವ ಜಾತಿಯದು. ಆದರೆ ಉಪ್ಪಿನ ಗಾಳಿಯಲ್ಲಿ ಆ ಕವಚ ಗಟ್ಟಿಯಾಗುವುದೇ ಇಲ್ಲ. ಹವಾಯಿಯ ಹೊನೊಲುಲುವಿನಲ್ಲಿ 1975ರಲ್ಲಿ ತೆರೆದ ಅಲೋಹಾ ಕ್ರೀಡಾಂಗಣವನ್ನು ಇದೇ ಬಗೆಯ ಉಕ್ಕಿನಿಂದ ಕಟ್ಟಿ, ತುಕ್ಕು ನಿಲ್ಲದೆ ಪೇಚಾಡಿದರು. ಕಂಟೇನರ್ ಹಡಗಿನಲ್ಲಿ ಬಾಳುವುದು ಅದಕ್ಕೆ ಬಳಿದ ಬಣ್ಣದಿಂದ. ಕಿಟಕಿ, ಬಾಗಿಲಿಗೆಂದು ಕತ್ತರಿಸಿದ ಪ್ರತಿ ಅಂಚಿನಲ್ಲೂ ಬಣ್ಣವೂ ಹೋಯಿತು, ಬಲವೂ ಹೋಯಿತು. ನೆಲದ ಹಲಗೆಗೆ ಕೀಟನಾಶಕ ಕುಡಿಸಿರುತ್ತಾರೆ, ಅದರ ಮೇಲೆ ಹಾಸಿಗೆ ಹಾಸಿ ಅತಿಥಿಗಳನ್ನು ಮಲಗಿಸುವುದು ಬೇಡ. ಉಗ್ರಾಣಕ್ಕೆ ಬೇಕಾದರೆ ಒಂದು ಇಟ್ಟುಕೊಳ್ಳಿ.

ನಿಮ್ಮ ಮಗಳ ಕಡೆಗೆ ನಾನು ವಾಲುತ್ತೇನೆ, ಅವರು ಕೊಡುವ ಕಾರಣಕ್ಕಲ್ಲ. ಮರಕ್ಕೆ ಉಪ್ಪು ದೊಡ್ಡ ವೈರಿಯಲ್ಲ. ಮೇಲ್ಮೈಯ ನಾರು ಎದ್ದು ಜುಂಗುಜುಂಗಾಗುತ್ತದೆ, ಬಣ್ಣ ಬೂದಿಗೆ ತಿರುಗುತ್ತದೆ, ಒಳಗೆ ಬಲ ಹಾಗೇ ಇರುತ್ತದೆ. ಹಾಳಾದ ಹಲಗೆಯನ್ನು ಊರಿನ ಬಡಗಿಯೇ ಬದಲಿಸಬಹುದು. ಚೇಗು, ಅಂದರೆ ಒಳತಿರುಳು, ಗಟ್ಟಿಯಿರುವ ಮರ, ಬಣ್ಣ ಬಳಿಯದೆ, ಹಲಗೆಯ ಹಿಂದೆ 25 ಮಿಲಿಮೀಟರ್ ಗಾಳಿಯಾಡುವ ಜಾಗ ಬಿಟ್ಟು ಹೊಡೆಸಿ. ಬಿರುಗಾಳಿಯ ಮಳೆ ಕೆಳಗಿನಿಂದ ಮೇಲಕ್ಕೂ ನುಗ್ಗುತ್ತದೆ, ಆ ಇರಚಲನ್ನು ಪೂರ್ತಿ ತಡೆಯುವ ಹಲಗೆ ಇಲ್ಲ. ಒಳಬಂದ ನೀರು ಇಳಿದು ಹೋಗಲು, ಒಣಗಲು ದಾರಿ ಇದ್ದರೆ ಸಾಕು. ಬಿದಿರಿನ ಬಗ್ಗೆ ಮಾತ್ರ ಅವರಿಗೆ ಬೇಸರವಾಗುವ ಮಾತು ಹೇಳಬೇಕು. ಬಿಸಿಲು, ಮಳೆ ನೇರ ತಾಗುವಲ್ಲಿ ಅದು ಎರಡು ಮೂರು ವರ್ಷಕ್ಕೇ ಸುಸ್ತಾಗುತ್ತದೆ. ಹುಳ ಬಾರದಂತೆ ಕುಡಿಸುವ ಬೋರಾಕ್ಸ್ ದ್ರಾವಣ ಮಳೆಗೆ ತೊಳೆದುಹೋಗುತ್ತದೆ. ಒಳಗಡೆ, ಸೂರಿನ ಆಸರೆಯಲ್ಲಿ ಬಳಸಿ, ಸೊಗಸಾಗಿರುತ್ತದೆ.

ಹಾಗಾಗಿ ನಾನಾದರೆ ಬಂಡೆಯ ಭಾಗದಲ್ಲಿ, ಹಿಂದೆ ಸರಿದು, ಗಿಡ್ಡನೆಯ ಮರದ ಚೌಕಟ್ಟಿನ ಕಾಟೇಜ್ ಮಾಡುತ್ತೇನೆ. ಬಂಡೆಗೆ ತೂತು ಕೊರೆದು ಸ್ಟೇನ್‌ಲೆಸ್ ಸರಳು ನೆಟ್ಟು ಹಿಡಿಸಿದ ಸಣ್ಣ ಕಾಂಕ್ರೀಟ್ ಪಾದಗಳ ಮೇಲೆ. ಬಿಚ್ಚಿ ಇನ್ನೊಂದು ಕಡೆ ಜೋಡಿಸಬಹುದಾದಂತೆ, ಮೊಳೆಗಿಂತ ಬೋಲ್ಟು ಹೆಚ್ಚಿರುವಂತೆ. ಇದರ ತೊಂದರೆಯೂ ಗೊತ್ತಿರಲಿ: ಹಗುರವಾದ್ದರಿಂದ ಕಟ್ಟುವ ಕೊಂಡಿಗಳಲ್ಲಿ ಒಂದು ತಪ್ಪೂ ನಡೆಯುವುದಿಲ್ಲ, ನೆಲದ ಕೆಳಗೆ ಗಾಳಿ ಹಾಯುವುದರಿಂದ ಕೊಳವೆ, ವೈರುಗಳಿಗೆ ಮರೆ ಬೇಕು, ಗಾಳಿ ಜೋರಿದ್ದಾಗ ಸ್ವಲ್ಪ ನಡುಗುತ್ತದೆ, ಕೆಲವು ಅತಿಥಿಗಳು ಹೆದರುತ್ತಾರೆ. ಅದು ಒಪ್ಪಿಗೆಯಾಗದಿದ್ದರೆ ಎರಡನೆಯ ದಾರಿ ಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ. ಸಿಮೆಂಟ್ ಗಾರೆ ಬೇಡ. ಉಪ್ಪು ಹರಳುಗಟ್ಟುವಾಗ ಸುಣ್ಣ ತಾನು ಉದುರಿ ಕಲ್ಲನ್ನು ಉಳಿಸುತ್ತದೆ, ಸಿಮೆಂಟು ತಾನು ಉಳಿದು ಕಲ್ಲನ್ನು ತಿನ್ನಿಸುತ್ತದೆ. ಕಲ್ಲಿನ ಮನೆ ಗಟ್ಟಿ, ನಿಶ್ಶಬ್ದ, ಆದರೆ ನಿಧಾನ, ಮತ್ತು ಅಂಚು ಹತ್ತಿರ ಬಂದ ದಿನ ಅದನ್ನು ಹೊತ್ತೊಯ್ಯಲಾಗದು.

ನೀರು. ದಂಡೆಯ ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಪ್ಪದ ಹಾಗೆ ತೇಲುತ್ತಿರುತ್ತದೆ. ಸಾಂದ್ರತೆಯ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ, ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ. ಕೇಳಲು ಚೆನ್ನಾಗಿದೆ. ಅದನ್ನೇ ತಿರುಗಿಸಿ ನೋಡಿ: ಪಂಪು ಹಾಕಿ ಮೇಲೆ ಒಂದು ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಮೀಟರ್ ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ವರ್ಷಗಳು ಬೇಕು, ಅಷ್ಟರಲ್ಲಿ ಪಕ್ಕದವರ ಬಾವಿಯೂ ಕೆಟ್ಟಿರುತ್ತದೆ. ಮಾಡಿನ ನೀರನ್ನೇ ಹಿಡಿಯಿರಿ. ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಕಾಟೇಜಿಗೆ 60ರಂತೆ ಆರಕ್ಕೆ 360 ಚದರ ಮೀಟರ್ ಮಾಡು, ವರ್ಷಕ್ಕೆ 1,000 ಮಿಲಿಮೀಟರ್ ಮಳೆ, ಐದರಲ್ಲಿ ಒಂದು ಪಾಲು ಪೋಲು ಅಂದರೂ 2,88,000 ಲೀಟರ್. ಹನ್ನೆರಡು ಜನ, ತಲೆಗೆ ದಿನಕ್ಕೆ 100 ಲೀಟರ್, ವರ್ಷಕ್ಕೆ 150 ರಾತ್ರಿ, ಬೇಕಾದ್ದು 1,80,000. ನೀರು ಸಾಲುತ್ತದೆ. ಸಾಲದೇ ಹೋಗುವುದು ತೊಟ್ಟಿ. ಮಳೆಯ ತಿಂಗಳು ಮತ್ತು ಜನ ಬರುವ ತಿಂಗಳು ಬೇರೆಯಾದ್ದರಿಂದ ನಡುವಿನ ಅಂತರಕ್ಕೆ ತಕ್ಕ ತೊಟ್ಟಿ ಕಟ್ಟಬೇಕು. ನಿಮ್ಮ ಖರ್ಚು ಅಲ್ಲಿ. ಪ್ರತಿ ಮಳೆಯ ಮೊದಲ ನೀರು ಉಪ್ಪು, ಹಕ್ಕಿಯ ಹಿಕ್ಕೆ ಹೊತ್ತು ಬರುತ್ತದೆ, ಅದನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ ತಿನ್ನುತ್ತದೆ. ಸಣ್ಣ ಯಂತ್ರಗಳು ಇನ್ನೂ ಹೆಚ್ಚು. ಉಳಿದ ಕಡು ಉಪ್ಪುನೀರನ್ನು ಎಲ್ಲಿ ಬಿಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಆ ಮಾತು ಬೇಡ.

ಕೊಳಚೆ ನೀರಿನ ಬಗ್ಗೆ ನೀವು ಬರೆದೇ ಇಲ್ಲ. ಹೆಚ್ಚಿನವರು ಬರೆಯುವುದಿಲ್ಲ. ದಂಡೆಯ ಅಂಚಿನ ಬಳಿ ಇಂಗುಗುಂಡಿ ತೆಗೆದರೆ ಆ ನೀರು ಬಂಡೆಯ ಮೇಲಿನ ಮಣ್ಣಿನಲ್ಲಿ ಜಾರಿ, ಅಂಚನ್ನು ಭಾರ ಮಾಡಿ, ಸಡಿಲಿಸುತ್ತದೆ. ಕೆಳಗಿನಿಂದ ಸಮುದ್ರ ಕೊರೆಯಿತು ಎಂದು ಬೈಸಿಕೊಂಡ ಎಷ್ಟೋ ಕುಸಿತಗಳಲ್ಲಿ ಮೇಲಿನಿಂದ ಬಿಟ್ಟ ನೀರಿನ ಪಾಲೂ ಇರುತ್ತದೆ. ಇಂಗಿಸುವ ಜಾಗ ಕಾಟೇಜುಗಳಿಗಿಂತಲೂ ಹಿಂದೆ ಇರಲಿ. ರಜೆಯ ಮನೆಗೆ ಇನ್ನೊಂದು ಕಷ್ಟ: ಎರಡು ತಿಂಗಳು ಖಾಲಿ, ಆಮೇಲೆ ಒಂದೇ ವಾರಾಂತ್ಯ ತುಂಬಿ ತುಳುಕು. ಕೊಳಚೆ ಕರಗಿಸುವ ಜೀವಾಣುಗಳು ಹೀಗೆ ಉಪವಾಸ, ಔತಣ ಎರಡನ್ನೂ ತಡೆಯವು. ಯಂತ್ರದ ಸಂಸ್ಕರಣೆಗಿಂತ ದೊಡ್ಡ ಸೆಪ್ಟಿಕ್ ಟ್ಯಾಂಕ್, ಅದರ ಹಿಂದೆ ಜೊಂಡು ಬೆಳೆಸಿದ ಜಲ್ಲಿ ಮಡಿ, ಇವು ಏರುಪೇರು ಸಹಿಸುತ್ತವೆ. ನೀರಿಲ್ಲದ ಗೊಬ್ಬರದ ಶೌಚಾಲಯ ಎಲ್ಲಕ್ಕಿಂತ ಮೇಲು, ದಿನವೂ ನೋಡಿಕೊಳ್ಳುವ ಆಳಿದ್ದರೆ ಮಾತ್ರ.

ವಿದ್ಯುತ್ತಿಗೆ ಸೋಲಾರ್ ಸಾಕು, ಉಪ್ಪುಮಂಜಿನ ಪರೀಕ್ಷೆಯಾದ, ಅಂದರೆ ಐಇಸಿ 61701 ಗುರುತಿರುವ ಫಲಕ ಕೇಳಿ ತೆಗೆದುಕೊಳ್ಳಿ. ಇಷ್ಟು ಗಾಳಿ ಇದೆಯಲ್ಲ, ಸಣ್ಣ ಗಾಳಿಯಂತ್ರ ಹಾಕೋಣ ಎಂಬ ಆಸೆ ಬರುತ್ತದೆ. ಸುಳಿಗಾಳಿ ಮತ್ತು ಉಪ್ಪು ಸೇರಿ ಅವುಗಳ ಬೇರಿಂಗ್ ಮುಗಿಸುವುದನ್ನು ಬಹಳ ಸಲ ನೋಡಿದ್ದೇನೆ. ಹೊರಗಿನ ದೀಪಗಳು ಕೆಳಮುಖವಾಗಿ, ಸಮುದ್ರಕ್ಕೆ ಕಾಣದಂತೆ, ಅಂಬರ್ ಬಣ್ಣದವಾಗಿರಲಿ. ಆಮೆಗಳು ಮೊಟ್ಟೆಯಿಡುವ ದಂಡೆಯಾಗಿದ್ದರೆ ಮರಿಗಳು ಬಿಳಿ ಬೆಳಕನ್ನು ಸಮುದ್ರದ ಹೊಳಪೆಂದು ತಿಳಿದು ನಿಮ್ಮ ಅಂಗಳಕ್ಕೆ ಬರುತ್ತವೆ.

ಆರನ್ನೂ ಒಟ್ಟಿಗೆ ಕಟ್ಟಬೇಡಿ. ಒಂದು ಕಟ್ಟಿ, ಗಾಳಿಯ ಒಂದು ಕಾಲ ಪೂರ್ತಿ ನೀವೇ ಅದರಲ್ಲಿ ಇದ್ದು ನೋಡಿ, ಆಮೇಲೆ ಉಳಿದವು. ಅದಕ್ಕೂ ಮುಂಚೆ, ನಕ್ಷೆ ಮಾಡಿಸುವ ಮುಂಚೆಯೇ, ಒಂದು ಕೆಲಸ ಮಾಡಿ. ಎರಡು ಹಲಗೆ ತೆಗೆದುಕೊಳ್ಳಿ. ಎರಡಕ್ಕೂ ಕಂಟ್ರಾಕ್ಟರುಗಳು ಹೇಳುವ ಸಾಮಾನು ಒಂದೊಂದು ಬಡಿಯಿರಿ: ಜಿಐ ಸ್ಕ್ರೂ, 304, 316, ಒಂದು ತುಂಡು ತಗಡು, ಬಾಗಿಲಿನ ಕೀಲು. ಮೇಲೆ ಚಿಕ್ಕ ಮರೆ ಕಟ್ಟಿ, ಮಳೆ ತಾಗಬಾರದು. ಒಂದನ್ನು ನಿಮ್ಮ 12 ಮೀಟರಿನ ಗೂಟಕ್ಕೆ, ಇನ್ನೊಂದನ್ನು ನನ್ನ 60 ಮೀಟರಿನ ಗೂಟಕ್ಕೆ ನೇತುಹಾಕಿ. ವರ್ಷ ಕಳೆದ ಮೇಲೆ ಎರಡೂ ಹಲಗೆಗಳ ಫೋಟೋ ಜೊತೆಗೆ ಇನ್ನೊಮ್ಮೆ ಬರೆಯಿರಿ. ಆಗ ಕಿಟಕಿ ಎಲ್ಲಿಡುವುದು ಎಂದು ಮಾತಾಡೋಣ.